ಟಾನ್ಸಿಲ್ ಆಪರೇಷನ್: ರಕ್ತಸ್ರಾವದ ಭಯ ಮೊದಲ ದಿನಕ್ಕೇ ಮುಗಿಯುವುದಿಲ್ಲ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟ ಕೂಡಲೇ ಮೈಸೂರು, ಮಂಡ್ಯದ ಕಿವಿ-ಮೂಗು-ಗಂಟಲು ವಿಭಾಗಗಳ ಮುಂದೆ ಮಕ್ಕಳನ್ನು ಕರೆತಂದವರ ಸಾಲು ಬೆಳೆಯುತ್ತದೆ. ದಸರಾ ರಜೆಯಲ್ಲೂ ಹಾಗೆಯೇ. ವರ್ಷವಿಡೀ ಗಂಟಲು ನೋವು, ಜ್ವರ ಎಂದು ನರಳಿದ ಮಗುವಿಗೆ ಪಾಠ ತಪ್ಪದಂತೆ ರಜೆಯಲ್ಲೇ ಟಾನ್ಸಿಲ್ ತೆಗೆಸಿಬಿಡೋಣ ಎಂಬುದು ಮನೆಯವರ ಲೆಕ್ಕಾಚಾರ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಲೆಕ್ಕದಲ್ಲಿ ಆಪರೇಷನ್ನಿನ ದಿನ ಮತ್ತು ಅದರ ಮರುದಿನ ಮಾತ್ರ ಇರುತ್ತವೆ. ಐದರಿಂದ ಹತ್ತನೆಯ ದಿನದವರೆಗಿನ ಅವಧಿಯನ್ನು ಯಾರೂ ಎಣಿಸುವುದಿಲ್ಲ. ಮನೆಯಲ್ಲಿರುವ ಮಗುವಿಗೆ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚಿರುವುದು ಆ ದಿನಗಳಲ್ಲೇ. ಅಷ್ಟು ಹೊತ್ತಿಗೆ ಆಸ್ಪತ್ರೆಯ ನೆನಪು ಹಿಂದೆ ಸರಿದಿರುತ್ತದೆ, ಬಂಧುಗಳು ನೋಡಿಕೊಂಡು ಹೋಗಿರುತ್ತಾರೆ, ಅಜ್ಜಿಯ ಊರಿಗೆ ಹೊರಡುವ ಮಾತು ನಡೆದಿರುತ್ತದೆ.

ಬಹುತೇಕ ಮಕ್ಕಳಿಗೆ ಏನೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಲೇಖನ ಓದಿ ಯಾರೂ ಬೇಕಾದ ಆಪರೇಷನ್ನನ್ನು ಮುಂದೂಡಬಾರದು. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 2003-04ರಲ್ಲಿ ಸುಮಾರು 34 ಸಾವಿರ ಟಾನ್ಸಿಲ್ ರೋಗಿಗಳನ್ನು ಗಮನಿಸಿದ ದೊಡ್ಡ ಸಮೀಕ್ಷೆಯಲ್ಲಿ ರಕ್ತಸ್ರಾವ ಕಂಡದ್ದು ನೂರಕ್ಕೆ 3.5 ಜನರಲ್ಲಿ. ಮತ್ತೆ ಆಪರೇಷನ್ ಕೊಠಡಿಗೆ ಕರೆದೊಯ್ಯಬೇಕಾದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಕಡಿಮೆ. ಚಿಕ್ಕ ಮಕ್ಕಳಿಗಿಂತ ದೊಡ್ಡವರಲ್ಲಿ ಇದು ಹೆಚ್ಚು: ಐದು ವರ್ಷದೊಳಗಿನವರಲ್ಲಿ ಶೇ. 1.9, ವಯಸ್ಕರಲ್ಲಿ ಶೇ. 4.9. ಆದ್ದರಿಂದ ಇಪ್ಪತ್ತೈದರ ಹರೆಯದಲ್ಲಿ ಟಾನ್ಸಿಲ್ ತೆಗೆಸಿಕೊಳ್ಳುವವರು ಇದನ್ನು ಮಕ್ಕಳ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ.

ರಕ್ತ ಏಕೆ ಬರುತ್ತದೆ ಎಂಬುದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕನ್ನಡಿಯ ಮುಂದೆ ಬಾಯಿ ಅಗಲಿಸಿ ನಿಂತರೆ ಕಿರುನಾಲಿಗೆಯ ಎರಡೂ ಪಕ್ಕದಲ್ಲಿ, ಮಾಂಸಖಂಡದ ಎರಡು ಮಡಿಕೆಗಳ ನಡುವೆ ಟಾನ್ಸಿಲ್ ಕಾಣುತ್ತದೆ. ಕತ್ತಿನ ದೊಡ್ಡ ಅಪಧಮನಿಯಿಂದ ಕವಲೊಡೆದ ಹಲವು ಸಣ್ಣ ರಕ್ತನಾಳಗಳು ಆ ಪುಟ್ಟ ಜಾಗಕ್ಕೆ ರಕ್ತ ತರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಟಾನ್ಸಿಲ್‌ನ ಕೆಳತುದಿಯ ಹತ್ತಿರ ಒಳಸೇರುತ್ತದೆ. ಹೊಟ್ಟೆಯ ಆಪರೇಷನ್ ಆದರೆ ಮೇಲೆ ಹೊಲಿಗೆ ಹಾಕಿ ಗಾಯ ಮುಚ್ಚುತ್ತಾರೆ. ಇಲ್ಲಿ ಹಾಗಲ್ಲ. ಟಾನ್ಸಿಲ್ ತೆಗೆದು, ರಕ್ತ ಒಸರುವ ನಾಳಗಳನ್ನು ಕಟ್ಟಿ ಅಥವಾ ಸುಟ್ಟು ಮುಚ್ಚಿ, ಉಳಿದ ಹಸಿ ಗಾಯವನ್ನು ತೆರೆದೇ ಬಿಡುತ್ತಾರೆ. ಅದು ಅಂಚಿನಿಂದ ಒಳಕ್ಕೆ ತಾನೇ ಮಾಯಬೇಕು. ಅದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಈ ಅವಧಿಯುದ್ದಕ್ಕೂ ಆ ಗಾಯದ ಮೇಲೆಯೇ ಎಂಜಲು ನುಂಗಬೇಕು, ಅನ್ನ ನುಂಗಬೇಕು, ಮಾತಾಡಬೇಕು.

ಮೊದಲ ಇಪ್ಪತ್ತನಾಲ್ಕು ಗಂಟೆಯೊಳಗೆ ಬರುವ ರಕ್ತಸ್ರಾವದ ಕಾರಣ ಸರಳ. ಅರಿವಳಿಕೆಯಲ್ಲಿದ್ದಾಗ ರಕ್ತದೊತ್ತಡ ಇಳಿದಿರುತ್ತದೆ. ಎಚ್ಚರವಾಗಿ ಮಗು ಅತ್ತಾಗ, ಕೆಮ್ಮಿದಾಗ, ವಾಂತಿ ಮಾಡಿದಾಗ ಒತ್ತಡ ಏರಿ, ಮುಚ್ಚಿಕೊಂಡಿದ್ದ ನಾಳ ತೆರೆಯಬಹುದು, ಕಟ್ಟಿದ್ದ ಗಂಟು ಜಾರಬಹುದು. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿರುವುದು ಬಾಯಲ್ಲಿ ಬಂದದ್ದು ಶ್ವಾಸನಾಳಕ್ಕೆ ಇಳಿಯದೆ ಹೊರಗೆ ಹರಿಯಲಿ ಎಂದು. ಅಂಗಾತ ಮಲಗಿದರೆ ಆರಾಮವಾಗಿರುತ್ತದೆಂದು ಕೆಲವರು ಮಗುವನ್ನು ತಿರುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವಾರ್ಡಿನಲ್ಲಿ ಮಗುವಿನ ಪಕ್ಕ ಕುಳಿತ ತಾಯಿಗೆ ನಾನು ತೋರಿಸಿಕೊಡಲು ಬಯಸುವುದು ಒಂದೇ ಸಂಗತಿ. ನಿದ್ದೆಯಲ್ಲಿರುವ ಮಗುವಿನ ಕತ್ತಿನ ಮುಂಭಾಗವನ್ನು ನೋಡಿ. ಗಾಢ ನಿದ್ದೆಯಲ್ಲಿ ಮಗು ನುಂಗುವುದು ಅಪರೂಪ. ಕಣ್ಣು ಮುಚ್ಚಿಕೊಂಡೇ ಇದ್ದು, ಗಂಟಲು ಮಾತ್ರ ಮೇಲಕ್ಕೆ ಕೆಳಕ್ಕೆ ಚಲಿಸುತ್ತಾ ಮತ್ತೆ ಮತ್ತೆ ಏನನ್ನೋ ನುಂಗುತ್ತಿದ್ದರೆ ಅದು ರಕ್ತವಿರಬಹುದು. ದಿಂಬಿನ ಮೇಲೆ ಒಂದು ಹನಿಯೂ ಬೀಳದೆ ಹೊಟ್ಟೆಗೆ ಸಾಕಷ್ಟು ರಕ್ತ ಇಳಿದುಬಿಡುತ್ತದೆ. ಆಮೇಲೆ ಒಮ್ಮೆಲೇ ಕಡುಕಂದು ಬಣ್ಣದ ವಾಂತಿಯಾದಾಗಲೇ ಮನೆಯವರಿಗೆ ಗೊತ್ತಾಗುವುದು. ನಾಡಿ ಜೋರಾಗುವುದು, ಮುಖ ಬಿಳಿಚಿಕೊಳ್ಳುವುದು, ಮೈ ತಣ್ಣಗೆ ಬೆವರುವುದು ಕೂಡ ಇದರ ಜೊತೆಗಾರ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ನರ್ಸ್ ಅವರನ್ನು ಕೂಗಿ, ರಾತ್ರಿ ಎರಡು ಗಂಟೆಯಾಗಿದ್ದರೂ ಸಂಕೋಚ ಬೇಡ. ಮೊದಲ ದಿನ ಉಗುಳಿನಲ್ಲಿ ತೆಳುವಾದ ಗುಲಾಬಿ ಬಣ್ಣದ ಎಳೆ ಕಾಣುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ.

ಎರಡನೆಯ ಬಗೆಯ ರಕ್ತಸ್ರಾವ ಬೇರೆಯದೇ ಕಥೆ. ಆಪರೇಷನ್ ಆದ ಒಂದು ದಿನದೊಳಗೆ ಗಾಯದ ಮೇಲೆ ಬಿಳಿಯ, ಕೆಲವೊಮ್ಮೆ ಹಳದಿ-ಬೂದು ಬಣ್ಣದ ಪೊರೆ ಕಟ್ಟಿಕೊಳ್ಳುತ್ತದೆ. ಮೊಬೈಲ್ ಟಾರ್ಚ್ ಹಿಡಿದು ನೋಡಿದ ತಂದೆತಾಯಿಯರು ಕೀವು ಎಂದು ಗಾಬರಿಯಾಗುತ್ತಾರೆ. ಅದು ಕೀವಲ್ಲ. ಬಿದ್ದು ತರಚಿದ ಮೊಣಕಾಲಿನ ಮೇಲೆ ಹಕ್ಕಳೆ ಕಟ್ಟುವಂತೆ ಇದು ಗಂಟಲಿನ ಹಕ್ಕಳೆ. ಬಾಯಿ ಸದಾ ಒದ್ದೆಯಾಗಿರುವುದರಿಂದ ಗಟ್ಟಿಯಾಗದೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಬಾಯಿಯಿಂದ ಕೆಟ್ಟ ವಾಸನೆ ಬರುವುದೂ ಇದರಿಂದಲೇ. ಐದರಿಂದ ಹತ್ತನೆಯ ದಿನದೊಳಗೆ ಈ ಪೊರೆ ತುಣುಕು ತುಣುಕಾಗಿ ಕಳಚಿಕೊಳ್ಳುತ್ತದೆ. ಕೆಳಗಿನ ಚರ್ಮ ಅಷ್ಟರಲ್ಲಿ ಬಲಿತಿದ್ದರೆ ಏನೂ ತೊಂದರೆಯಿಲ್ಲ. ಬಲಿಯದೆ ಇದ್ದರೆ, ಸೋಂಕು ತಗುಲಿದ್ದರೆ, ನೀರು ಕುಡಿಯದೆ ಪೊರೆ ಒಣಗಿ ಬಿರಿದಿದ್ದರೆ, ಅದು ಕಳಚುವಾಗ ಅಡಿಯಲ್ಲಿದ್ದ ನಾಳ ತೆರೆದುಕೊಳ್ಳಬಹುದು. ಎಲ್ಲ ಎಚ್ಚರಿಕೆ ವಹಿಸಿದ ಮನೆಯಲ್ಲೂ ಇದು ಸಂಭವಿಸುತ್ತದೆ. ನಾನು ಕೊಟ್ಟ ಯಾವುದೋ ತಿಂಡಿಯಿಂದಲೇ ಹೀಗಾಯಿತು ಎಂದು ಅಮ್ಮಂದಿರು ಕೊರಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅವರ ಪಾತ್ರ ಏನೂ ಇರುವುದಿಲ್ಲ.

ಹಾಗಾದರೆ ತಡೆಯಲು ಸಾಧ್ಯವಿರುವುದೇನು? ಮೊದಲನೆಯದು ಆಪರೇಷನ್ನಿಗೆ ಮುಂಚೆಯೇ ನಡೆಯಬೇಕಾದ ಮಾತುಕತೆ. ಮಗುವಿಗೆ ಪದೇ ಪದೇ ಮೂಗಿನಿಂದ ರಕ್ತ ಬರುತ್ತಿತ್ತೇ? ಹಲ್ಲು ಬಿದ್ದಾಗ ಅಥವಾ ಕೀಳಿಸಿದಾಗ ಗಂಟೆಗಟ್ಟಲೆ ರಕ್ತ ನಿಲ್ಲಲಿಲ್ಲವೇ? ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿ ಕಲೆ ಏಳುತ್ತದೆಯೇ? ತಾಯಿಗೆ, ಚಿಕ್ಕಮ್ಮನಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವುದಿತ್ತೇ? ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತರುವ ಸಂಬಂಧಗಳು ನಮ್ಮ ಕಡೆ ಇಂದಿಗೂ ಇವೆ. ಅಂಥ ಮನೆಗಳಲ್ಲಿ ರಕ್ತ ಹೆಪ್ಪುಗಟ್ಟದ ಅಪರೂಪದ ಆನುವಂಶಿಕ ದೋಷಗಳು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ರಕ್ತ ಪರೀಕ್ಷೆಯಲ್ಲಿ ಎಲ್ಲವೂ ಗೊತ್ತಾಗುತ್ತದೆ ಎಂದು ನಂಬಿ ಸುಮ್ಮನಿರಬೇಡಿ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಂಥ ದೋಷವಿದ್ದರೂ ಮಾಮೂಲಿ ಹೆಪ್ಪುಗಟ್ಟುವಿಕೆ ಪರೀಕ್ಷೆಯ ಫಲಿತಾಂಶ ಸರಿಯಾಗಿಯೇ ಬರಬಹುದು. ಮನೆಯ ಹಿರಿಯರು ನೆನಪಿಸಿಕೊಂಡು ಹೇಳುವ ಒಂದು ಮಾತು ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆಸ್ಪಿರಿನ್, ಹೃದಯಕ್ಕೆಂದು ಕೊಟ್ಟ ರಕ್ತ ತೆಳುಮಾಡುವ ಮಾತ್ರೆ, ನಾಟಿ ಔಷಧಿ, ಕಷಾಯದ ಪುಡಿ, ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬಾರದು. ನಿಲ್ಲಿಸಬೇಕೇ, ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು. ಸ್ವಂತ ತೀರ್ಮಾನದಿಂದ ಹೃದಯದ ಮಾತ್ರೆ ಬಿಟ್ಟರೆ ಇನ್ನೊಂದು ಅಪಾಯ. ಗಂಟಲು ಕೆಂಪಗೆ ಉರಿಯುತ್ತಿರುವಾಗ ಮಾಮೂಲಿ ಟಾನ್ಸಿಲ್ ಆಪರೇಷನ್ ಮಾಡುವುದಿಲ್ಲ, ಆ ಸೋಂಕು ತಣ್ಣಗಾಗಿ ಕೆಲವು ವಾರ ಕಳೆಯಲಿ ಎನ್ನುತ್ತಾರೆ. ಊದಿದ ಜಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತಿರುತ್ತದೆ ಎಂಬುದೇ ಕಾರಣ. ದಿನಾಂಕ ಮುಂದೆ ಹೋಯಿತೆಂದು ಬೇಸರ ಮಾಡಿಕೊಳ್ಳಬೇಡಿ.

ಲೇಸರ್‌ನಲ್ಲಿ ಮಾಡಿಸಿದರೆ ರಕ್ತವೇ ಬರುವುದಿಲ್ಲವಂತೆ ಎಂಬ ಮಾತು ಊರೂರಲ್ಲೂ ಹರಡಿದೆ. ಶಾಖ ಬಳಸುವ ಉಪಕರಣಗಳಿಂದ ಆಪರೇಷನ್ ನಡೆಯುವ ಹೊತ್ತಿನಲ್ಲಿ ರಕ್ತ ಕಡಿಮೆ ಹೋಗುತ್ತದೆ ಎಂಬುದು ನಿಜ. ನಂತರದ ದಿನಗಳ ಮಾತೇ ಬೇರೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಶಾಖದ ಉಪಕರಣಗಳನ್ನು ಬಳಸಿದವರಲ್ಲಿ ನಂತರದ ರಕ್ತಸ್ರಾವ ಹೆಚ್ಚು ಕಂಡಿತ್ತು, ಹಳೆಯ ಕತ್ತರಿ-ದಾರದ ವಿಧಾನದಲ್ಲಿ ಕಡಿಮೆ. ಹಾಗೆಂದು ನಿಮ್ಮ ವೈದ್ಯರಿಗೆ ವಿಧಾನ ಆರಿಸಿಕೊಡಲು ಹೋಗಬೇಡಿ. ಅವರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ಒಳ್ಳೆಯದು. ಉಪಕರಣದ ಹೆಸರು ಕೇಳಿ ಎಚ್ಚರ ತಪ್ಪಬಾರದು ಎಂಬುದಷ್ಟೇ ನನ್ನ ಕಾಳಜಿ.

ಮನೆಗೆ ಬಂದ ಮೇಲೆ ಎಲ್ಲಕ್ಕಿಂತ ಮುಖ್ಯ ಎರಡೇ: ನೀರು ಮತ್ತು ನೋವಿನ ಔಷಧಿ. ಇವೆರಡೂ ಒಂದಕ್ಕೊಂದು ಗಂಟು ಬಿದ್ದಿವೆ. ನೋವಿದ್ದರೆ ಮಗು ನುಂಗುವುದಿಲ್ಲ, ನುಂಗದಿದ್ದರೆ ಗಂಟಲು ಒಣಗುತ್ತದೆ, ಒಣಗಿದರೆ ನೋವು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮಗು ಅತ್ತ ಮೇಲೆ ಔಷಧಿ ಕೊಡುವ ಬದಲು, ವೈದ್ಯರು ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಪ್ಯಾರಾಸಿಟಮಾಲನ್ನು ಮೊದಲ ಕೆಲವು ದಿನ ಹೊತ್ತಿಗೆ ಸರಿಯಾಗಿ ಕೊಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರೆ ನುಂಗುವುದು ಸುಲಭವಾಗುತ್ತದೆ. ಮೂರನೆಯ ದಿನದಿಂದ ಕಿವಿ ನೋವು ಶುರುವಾಗಬಹುದು. ಗಂಟಲಿಗೂ ಕಿವಿಗೂ ಒಂದೇ ನರದ ಸಂಪರ್ಕವಿರುವುದರಿಂದ ಹಾಗೆ ಅನ್ನಿಸುತ್ತದೆ. ಕಿವಿಗೆ ಎಣ್ಣೆ ಹಾಕಬೇಡಿ. ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಔಷಧಿಯ ಬಗ್ಗೆ ವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಅಮೆರಿಕದ ತಜ್ಞರ 2019ರ ಮಾರ್ಗಸೂಚಿ ಅದನ್ನು ಮಕ್ಕಳಿಗೆ ಕೊಡಬಹುದು ಎನ್ನುತ್ತದೆ, ಕೆಲವರು ರಕ್ತಸ್ರಾವದ ಶಂಕೆಯಿಂದ ದೂರವಿಡುತ್ತಾರೆ. ನಿಮ್ಮ ವೈದ್ಯರ ಮಾತೇ ಕೊನೆ. ಆದರೆ ಮಕ್ಕಳಿಗೆ ಆಸ್ಪಿರಿನ್ ಕೂಡದು, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡದು. ಕೆಲವು ಮಕ್ಕಳ ದೇಹದಲ್ಲಿ ಕೊಡೀನ್ ಬಹುಬೇಗ ಮಾರ್ಫಿನ್ ಆಗಿ ಉಸಿರಾಟವನ್ನೇ ಕುಗ್ಗಿಸುತ್ತದೆ. ನಿಮೆಸುಲೈಡ್ ಎಂಬ ಜ್ವರ-ನೋವಿನ ಔಷಧಿಯನ್ನು ನಮ್ಮ ದೇಶದಲ್ಲಿ 12 ವರ್ಷದೊಳಗಿನವರಿಗೆ 2011ರಲ್ಲೇ ನಿಷೇಧಿಸಲಾಗಿದೆ. ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿನಲ್ಲಿ ಕೇಳಿ ತರುವ ಅಭ್ಯಾಸವನ್ನು ಈ ಎರಡು ವಾರವಾದರೂ ಬಿಟ್ಟುಬಿಡಿ.

ಇನ್ನು ಊಟ. ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವುದು ಇದೇ, ವಾಸ್ತವದಲ್ಲಿ ಇದರ ತೂಕ ಅಷ್ಟಿಲ್ಲ. ಐಸ್‌ಕ್ರೀಂ ಕೊಟ್ಟರೆ ಶೀತವಾಗುತ್ತದೆ ಎಂದು ಅಜ್ಜಿ ತಡೆದರೆ ಅವರಿಗೆ ಸಮಾಧಾನವಾಗಿ ಹೇಳಿ: ತಣ್ಣಗಿನದು ಗಂಟಲಿನ ನೋವನ್ನು ಮರಗಟ್ಟಿಸುತ್ತದೆ, ಹಾನಿಯಿಲ್ಲ. ಮದ್ದೂರಿನ ಎಳನೀರು, ಹುಳಿಯಿಲ್ಲದ ಮಜ್ಜಿಗೆ, ಆರಿದ ರಾಗಿ ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಎಲ್ಲವೂ ಸರಿ. ಮುದ್ದೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಗಿಯುವ ಕೆಲಸವಿಲ್ಲದೆ ಜಾರಿಕೊಂಡು ಹೋಗುವ ಆಹಾರವಾದ್ದರಿಂದ, ನುಂಗಲು ಕಷ್ಟವಾಗದಿದ್ದರೆ ಉಗುರುಬೆಚ್ಚಗಿನ ಮೆತ್ತನೆಯ ಮುದ್ದೆಯನ್ನು ಸಣ್ಣ ಸಣ್ಣ ತುತ್ತಾಗಿ, ಖಾರವಿಲ್ಲದ ಬೇಳೆಸಾರಿನಲ್ಲಿ ಅದ್ದಿ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಉಪ್ಪೆಸರಿನ ಖಾರ, ಹುಣಸೆಹುಳಿಯ ಬಸ್ಸಾರು ಎರಡು ವಾರ ಕಾಯಲಿ. ನಿಪ್ಪಟ್ಟು, ಚಕ್ಕುಲಿ, ಮದ್ದೂರು ವಡೆಯಂಥ ಗರಿಗರಿ ತಿಂಡಿ ಬೇಡ. ಮಂಡ್ಯದ ಕಡೆ ಮಕ್ಕಳ ಕೈಗೆ ಕಬ್ಬಿನ ಜಲ್ಲೆ ಸಿಗುವುದು ಸುಲಭ. ಸಿಪ್ಪೆ ಸಿಗಿದು ಜಗಿಯುವಾಗ ಅದರ ಒರಟು ನಾರು ನೇರವಾಗಿ ಗಾಯಕ್ಕೆ ತಾಗುತ್ತದೆ, ಆದ್ದರಿಂದ ಅದನ್ನು ಕಣ್ಣಿಗೆ ಬೀಳದಂತೆ ಇಡಿ. ಬೀಟ್‌ರೂಟ್, ದಾಳಿಂಬೆ ರಸ, ಕೆಂಪು ಶರಬತ್ತುಗಳನ್ನೂ ಕೊಡಬೇಡಿ. ಅವುಗಳಿಂದ ಗಾಯಕ್ಕೆ ಹಾನಿಯಿಲ್ಲ, ಆದರೆ ವಾಂತಿಯಾದಾಗ ಅದು ರಕ್ತವೋ ರಸವೋ ತಿಳಿಯದೆ ಅಮೂಲ್ಯ ಸಮಯ ಹೋಗುತ್ತದೆ. ಆರೇಳು ಗಂಟೆ ಕಳೆದರೂ ಮಗು ಮೂತ್ರಕ್ಕೆ ಹೋಗದಿದ್ದರೆ ನೀರು ಸಾಲುತ್ತಿಲ್ಲವೆಂದೇ ಅರ್ಥ.

ಓಟ, ಸೈಕಲ್, ಭಾರ ಎತ್ತುವುದು ಎರಡು ವಾರ ಬೇಡ. ಮಲಬದ್ಧತೆಯಿಂದ ತಿಣುಕುವಂತಾದರೆ ವೈದ್ಯರಿಗೆ ತಿಳಿಸಿ. ದೊಡ್ಡವರಾದರೆ ಬೀಡಿ ಸಿಗರೇಟು ಪೂರ್ತಿ ಬಂದ್.

ಈಗ ನನಗೆ ಅತ್ಯಂತ ಮುಖ್ಯವೆನ್ನಿಸುವ ಮಾತಿಗೆ ಬರುತ್ತೇನೆ. ಡಿಸ್ಚಾರ್ಜ್ ಚೀಟಿ ಕೈಗೆ ಬಂದ ದಿನವೇ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಏಳನೆಯ ದಿನ ನಡುರಾತ್ರಿ ರಕ್ತ ಬಂದರೆ ಎಲ್ಲಿಗೆ, ಯಾವ ವಾಹನದಲ್ಲಿ, ಎಷ್ಟು ಹೊತ್ತಿನಲ್ಲಿ ಹೋಗುತ್ತೇವೆ? ಮೈಸೂರಿನ ಕುವೆಂಪುನಗರದಲ್ಲಿ ಮನೆಯಿದ್ದವರಿಗೆ ಇದು ಹತ್ತು-ಹದಿನೈದು ನಿಮಿಷದ ಮಾತು. ಎಚ್.ಡಿ. ಕೋಟೆಯವರಿಗೆ ಮೈಸೂರು ಸುಮಾರು 50 ಕಿಲೋಮೀಟರ್, ಕಾಡಂಚಿನ ಹಳ್ಳಿಯಾದರೆ ಇನ್ನೂ ದೂರ. ಬೇಕಾದದ್ದು ಬರೀ ಬಾಗಿಲು ತೆರೆದಿರುವ ಆಸ್ಪತ್ರೆಯಲ್ಲ. ರಾತ್ರಿಯಲ್ಲೂ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯರು, ಅರಿವಳಿಕೆ ವೈದ್ಯರು, ರಕ್ತನಿಧಿ ಈ ಮೂರೂ ಒದಗುವ ಜಾಗ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗಳು ವೈದ್ಯಕೀಯ ಕಾಲೇಜಿಗೆ ಸೇರಿದವು. ನಿಮಗೆ ಹತ್ತಿರವಾದದ್ದು ಯಾವುದು, ರಾತ್ರಿ ಅಲ್ಲಿ ಏನು ವ್ಯವಸ್ಥೆಯಿದೆ ಎಂದು ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ, ದೂರವಾಣಿ ಸಂಖ್ಯೆಯನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. ದೂರದ ಹಳ್ಳಿಯವರು ಸಾಧ್ಯವಾದರೆ ಹತ್ತು ದಿನ ಪಟ್ಟಣದ ಬಂಧುಗಳ ಮನೆಯಲ್ಲಿ ಉಳಿಯುವುದು ಲೇಸು. ಮದುವೆ, ಜಾತ್ರೆ, ಧರ್ಮಸ್ಥಳದ ಪ್ರವಾಸಗಳನ್ನು ಈ ಅವಧಿಯಿಂದ ಆಚೆಗೆ ತಳ್ಳಿ.

ದಸರಾ ರಜೆಯಲ್ಲಿ ಆಪರೇಷನ್ ಮಾಡಿಸುವವರು ಕ್ಯಾಲೆಂಡರ್ ನೋಡಿಕೊಳ್ಳಲೇಬೇಕು. ನವರಾತ್ರಿಯ ಆರಂಭದ ದಿನಗಳಲ್ಲಿ ಮಾಡಿಸಿದರೆ ವಿಜಯದಶಮಿ ಸರಿಯಾಗಿ ಆ ಅಪಾಯದ ಅವಧಿಯೊಳಗೆ ಬೀಳುತ್ತದೆ. ಅಂದು ಅರಮನೆಯಿಂದ ಬನ್ನಿಮಂಟಪದವರೆಗೆ ಜಂಬೂಸವಾರಿ ಸಾಗುವ ಸಯ್ಯಾಜಿ ರಾವ್ ರಸ್ತೆ ಕೆ.ಆರ್. ಆಸ್ಪತ್ರೆಯ ಮಗ್ಗುಲಲ್ಲೇ ಇದೆ. ಗಂಟೆಗಟ್ಟಲೆ ವಾಹನ ಸಂಚಾರವಿರುವುದಿಲ್ಲ, ಲಕ್ಷಾಂತರ ಜನ ರಸ್ತೆಯಲ್ಲಿರುತ್ತಾರೆ. ಒಂದು ವಾರ ಹಿಂದೆ ಮುಂದೆ ಮಾಡಿಕೊಂಡರೆ ಈ ಆತಂಕವೇ ಇರುವುದಿಲ್ಲ.

ರಕ್ತ ಬಂದೇಬಿಟ್ಟರೆ? ಮಗುವನ್ನು ಕೂರಿಸಿ ತಲೆಯನ್ನು ಮುಂದಕ್ಕೆ ಬಾಗಿಸಿ, ಬಂದದ್ದನ್ನೆಲ್ಲ ಒಂದು ಪಾತ್ರೆಗೆ ಉಗುಳಿಸಿ. ಎಷ್ಟು ಹೋಗಿದೆ ಎಂದು ವೈದ್ಯರಿಗೆ ತೋರಿಸಲು ಆ ಪಾತ್ರೆಯನ್ನೇ ಕೊಂಡೊಯ್ಯಿರಿ. ಉಗುಳಲು ಬರುವ ವಯಸ್ಸಿನವರಾದರೆ ತಣ್ಣೀರಿನಿಂದ ಮೆಲ್ಲಗೆ ಬಾಯಿ ಮುಕ್ಕಳಿಸಿ ಉಗುಳಬಹುದು. ಮಗು ಸುಸ್ತಾಗಿ ಕೂರಲಾರದಿದ್ದರೆ ಪಕ್ಕಕ್ಕೆ ಮಲಗಿಸಿ, ಅಂಗಾತ ಬೇಡ. ಅರಿಸಿನ, ಕಾಫಿಪುಡಿ, ಹತ್ತಿ, ಬೆರಳು ಯಾವುದನ್ನೂ ಗಂಟಲಿಗೆ ಹಾಕಬೇಡಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು. ಸ್ವಂತ ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ರಕ್ತ ಧಾರೆಯಾಗಿ ಹರಿಯುತ್ತಿದ್ದು ದೊಡ್ಡ ಆಸ್ಪತ್ರೆ ದೂರವಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು, ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ ಹೊರಡಿ.

ನಾಲ್ಕು ಚಮಚ ರಕ್ತ ಬಂದು ತಾನಾಗಿಯೇ ನಿಂತುಹೋದರೆ ಬೆಳಿಗ್ಗೆ ನೋಡೋಣ ಎಂದು ಮಲಗುವವರೇ ಹೆಚ್ಚು. ಇಲ್ಲಿಯೇ ಮನಸ್ಸು ಗಟ್ಟಿ ಮಾಡಿ ಎದ್ದು ಹೊರಡಬೇಕು. ಕೆಲವರಲ್ಲಿ ದೊಡ್ಡ ರಕ್ತಸ್ರಾವಕ್ಕೆ ಮುನ್ನ ಇಂಥ ಸಣ್ಣದೊಂದು ಬಂದು ನಿಂತಿರುತ್ತದೆ. ಮಕ್ಕಳ ಮೈಯಲ್ಲಿರುವ ರಕ್ತವೇ ಕಡಿಮೆ: ಕೆಜಿಗೆ 70-80 ಮಿಲಿಲೀಟರ್ ಎಂದು ಲೆಕ್ಕ ಹಾಕಿದರೆ 15 ಕೆಜಿಯ ಮಗುವಿನಲ್ಲಿ ಒಟ್ಟು ಸುಮಾರು 1.1 ಲೀಟರ್. ನೂರು ಮಿಲಿಲೀಟರ್ ಹೋದರೆ ಹತ್ತಿರ ಹತ್ತಿರ ಹತ್ತನೆಯ ಒಂದು ಭಾಗ ಹೋದಂತೆ. ಮಗುವಿನ ಹೃದಯ ಜೋರಾಗಿ ಬಡಿದು ಕೊರತೆಯನ್ನು ಬಹಳ ಹೊತ್ತು ಸರಿತೂಗಿಸುವುದರಿಂದ ರಕ್ತದೊತ್ತಡ ಕುಸಿಯುವುದು ತೀರಾ ತಡವಾಗಿ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್ ಹಾಕಿ, ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು ಪರೀಕ್ಷೆಗೆ ಕಳುಹಿಸುತ್ತಾರೆ. ಗಂಟಲಲ್ಲಿ ಹೆಪ್ಪುಗಟ್ಟಿದ ಗಡ್ಡೆಯನ್ನು ತೆಗೆಯುವುದನ್ನು ಕಂಡು ಹೆದರಬೇಡಿ. ಟಾನ್ಸಿಲ್ ಇದ್ದ ಗುಳಿಯ ಸುತ್ತಲಿನ ಮಾಂಸಖಂಡ ಬಿಗಿದುಕೊಂಡರೆ ರಕ್ತನಾಳದ ಬಾಯಿ ಮುಚ್ಚುತ್ತದೆ. ಗಡ್ಡೆ ಅಡ್ಡವಿದ್ದರೆ ಬಿಗಿಯಲು ಆಗುವುದಿಲ್ಲ. ಆಮೇಲೆ ರಕ್ತನಾಳ ಕುಗ್ಗಿಸುವ ಅಡ್ರಿನಾಲಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಒತ್ತಿ ಹಿಡಿಯುವುದು, ಟ್ರಾನೆಕ್ಸಾಮಿಕ್ ಆಮ್ಲವೆಂಬ ಹೆಪ್ಪು ಉಳಿಸುವ ಔಷಧಿ ಕೊಡುವುದು ಇವೆಲ್ಲ ನಡೆಯುತ್ತವೆ. ನಿಲ್ಲದಿದ್ದರೆ ಅರಿವಳಿಕೆ ಕೊಟ್ಟು ನಾಳವನ್ನು ಸುಡುತ್ತಾರೆ ಅಥವಾ ಕಟ್ಟುತ್ತಾರೆ. ಈ ಅರಿವಳಿಕೆ ಮೊದಲಿನದ್ದಕ್ಕಿಂತ ಕಷ್ಟದ್ದು. ಹೊಟ್ಟೆಯ ತುಂಬ ನುಂಗಿದ ರಕ್ತವಿರುತ್ತದೆ, ಅದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ. ಕತ್ತಿನ ದೊಡ್ಡ ನಾಳವನ್ನು ಕಟ್ಟಬೇಕಾದ ಸ್ಥಿತಿ ಬರುವುದು ತೀರಾ ಅಪರೂಪ. ರಕ್ತ ನಿಂತಿದ್ದ ಸ್ಥಿತಿಯಲ್ಲೇ ಬಂದ ಮಗುವನ್ನೂ ಒಂದು ದಿನ ವಾರ್ಡಿನಲ್ಲಿಟ್ಟುಕೊಂಡು ನೋಡುತ್ತಾರೆ. ಏನೂ ಇಲ್ಲದಿದ್ದರೂ ಏಕೆ ಇಟ್ಟುಕೊಂಡರು ಎಂದು ಜಗಳಕ್ಕೆ ಹೋಗದೆ ಉಳಿಯಿರಿ.

ಮನೆಗೆ ಮರಳಿದ ಮೇಲೆ ಒಂದೆರಡು ದಿನ ಮಲ ಕಪ್ಪಗೆ ಹೋಗಬಹುದು. ನುಂಗಿದ ರಕ್ತ ಕರುಳಿನಲ್ಲಿ ಜೀರ್ಣವಾಗಿ ಬರುವುದರಿಂದ ಹಾಗಾಗುತ್ತದೆ. ಹಿಮೋಗ್ಲೋಬಿನ್ ಇಳಿದಿದ್ದರೆ ಕಬ್ಬಿಣಾಂಶದ ಸಿರಪ್ ಬರೆದುಕೊಡುತ್ತಾರೆ, ಅದನ್ನು ಕುಡಿಯುವಾಗಲೂ ಮಲ ಕಪ್ಪಾಗಿಯೇ ಇರುತ್ತದೆ. ಕಪ್ಪು ಮಲದ ಜೊತೆ ಮತ್ತೆ ಕೆಂಪು ರಕ್ತ ಉಗುಳಿದರೆ, ಅಥವಾ ಮಗು ಮಂಕಾಗಿ ಬಿಳಿಚಿಕೊಂಡರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.